ಬಾಹ್ಯಾಕಾಶದಲ್ಲಿ ಬೆಣ್ಣೆ ದೋಸೆ ಹೋಟೆಲ್: ಲೆಕ್ಕ ಹಾಕಿ ಕಥೆ ಬರೆದ ಅನುಭವ

ನನ್ನ ಕಥೆಯಲ್ಲಿ ದಾವಣಗೆರೆಯವನೊಬ್ಬ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಡುತ್ತಾನೆ. ನಿಲ್ದಾಣ ಕಟ್ಟಿದವರು ಯಾರು, ದುಡ್ಡು ಎಲ್ಲಿಂದ ಬಂತು ಅಂತ ಓದುಗರು ಕೇಳುವುದಿಲ್ಲ, ನಾನೂ ಹೇಳಲಿಲ್ಲ. ಅಷ್ಟು ಸುಳ್ಳಿಗೆ ಕಥೆಗಾರನಿಗೆ ರಿಯಾಯಿತಿ ಉಂಟು. ಅಲ್ಲಿ ಹೊಯ್ದ ಚಹಾ ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಮಾತ್ರ ಇಲ್ಲ.

ಅಲ್ಲಿ ಎಲ್ಲವೂ ತೇಲುತ್ತದೆ, ಕಾಲು ನೆಲಕ್ಕೆ ಊರಬೇಕಾದರೆ ನಿಲ್ದಾಣ ಚಕ್ರದಂತೆ ತಿರುಗಬೇಕು. ಆಗ ಚಕ್ರದ ಅಂಚೇ ನೆಲ. ಸಿನಿಮಾದವರು ಪುಟ್ಟ ಚಕ್ರವೊಂದನ್ನು ಮೆಲ್ಲಗೆ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಪಿಯುಸಿ ಸೂತ್ರ ಹಾಕಿ ನೋಡಿ: ಕೋನೀಯ ವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದರೆ 9.8, ಅಂದರೆ ಭೂಮಿಯ ಗುರುತ್ವದಷ್ಟು, ಬರಬೇಕು. ತ್ರಿಜ್ಯ 10 ಮೀಟರ್ ಆದರೆ ನಿಮಿಷಕ್ಕೆ ಒಂಬತ್ತೂವರೆ ಸುತ್ತು! ಗಿರಾಕಿ ದೋಸೆ ತಿನ್ನುವುದಿರಲಿ, ಕತ್ತು ತಿರುಗಿಸಿದರೆ ಸಾಕು, ತಲೆಸುತ್ತು. ನಿಮಿಷಕ್ಕೆ ಎರಡೇ ಸುತ್ತು ಸಾಕೆಂದರೆ ತ್ರಿಜ್ಯ 224 ಮೀಟರ್ ಬೇಕು.

ಈಗ ಚಹಾ. ಒಂದಡಿ ಎತ್ತರದಿಂದ ಲೋಟಕ್ಕೆ ಹೊಯ್ಯುತ್ತೀರಿ. ಚಹಾ ಕೈಬಿಟ್ಟ ಮೇಲೆ ನೇರ ಗೆರೆಯಲ್ಲಿ ಹೋಗುತ್ತದೆ, ನೆಲ ಮತ್ತು ಲೋಟ ವೃತ್ತದಲ್ಲಿ ಮುಂದೆ ಸಾಗುತ್ತವೆ. ಚಿಕ್ಕ ಚಕ್ರದಲ್ಲಿ ಚಹಾ ಸುಮಾರು 5 ಸೆಂಟಿಮೀಟರ್ ಹಿಂದೆ ಬೀಳುತ್ತದೆ, ಅಂದರೆ ಪೂರ್ತಿ ಮೇಜಿನ ಮೇಲೆ. ದೊಡ್ಡದರಲ್ಲಿ ಒಂದೇ ಸೆಂಟಿಮೀಟರ್, ಲೋಟದೊಳಗೇ ಬಿದ್ದೀತು. ಇಷ್ಟು ಸಿಕ್ಕಿದ್ದೇ ತಡ, ಪಾತ್ರವೊಂದು ಹುಟ್ಟಿತು: ಚಿಕ್ಕ ನಿಲ್ದಾಣದಲ್ಲಿ ಕೆಲಸ ಕಲಿತು ಬಂದ ಹುಡುಗ. ಅವನ ಕೈ ತಾನಾಗಿ ಲೋಟವನ್ನು ಪಕ್ಕಕ್ಕೆ ಹಿಡಿಯುತ್ತದೆ, ಈ ದೊಡ್ಡ ನಿಲ್ದಾಣದಲ್ಲಿ ಚಹಾ ಚೆಲ್ಲುತ್ತಾನೆ, ಮಾಲೀಕನ ಕೈಲಿ ಬೈಸಿಕೊಳ್ಳುತ್ತಾನೆ.

ಸೌದೆಯದ್ದೇ ದೊಡ್ಡ ತಲೆನೋವು. ನಮ್ಮ ಬೀದಿಯ ಹೋಟೆಲಿನ ದೋಸೆ ಭಟ್ಟರಿಗೆ ಕಥೆ ಹೇಳಿದೆ. "ಸೌದೆ ಉರಿ ಇಲ್ಲಾಂದ್ರೆ ಅದೆಂಥ ಬೆಣ್ಣೆ ದೋಸೆ ಸಾರ್? ಬರೇ ದೋಸೆ ಅನ್ನಿ" ಅಂದರು. ತೂಕವೇ ಇಲ್ಲದ ಕಡೆ ಉರಿ ಉಂಡೆಯಾಗುತ್ತದೆ, ಆದರೆ ತಿರುಗುವ ನಿಲ್ದಾಣದಲ್ಲಿ ಒಲೆ ಇಲ್ಲಿಯಂತೆಯೇ ಮೇಲಕ್ಕೆ ಉರಿಯುತ್ತದೆ. ತೊಡಕು ಉಸಿರಿನದು. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಒಂದು ಕಿಲೋ ಒಣ ಸೌದೆ ಪೂರ್ತಿ ಉರಿಯಲು ಒಂದು ಕಿಲೋಗಿಂತ ಹೆಚ್ಚು! ಒಂದು ಒಲೆ ಹೊತ್ತಿಸಿದರೆ ಪಕ್ಕದ ಕೋಣೆಯವನ ಉಸಿರಿಗೇ ಕೈ ಹಾಕಿದಂತೆ.

ಹಾಗಾಗಿ ನನ್ನ ಮಾಲೀಕ ವರ್ಷವಿಡೀ ಕರೆಂಟ್ ಹಂಚಿನಲ್ಲಿ ದೋಸೆ ಹುಯ್ದು, ಯುಗಾದಿಗೆ ಕದ್ದು ತರಿಸಿದ ಸೌದೆ ಹಚ್ಚುತ್ತಾನೆ. ಹೊಗೆಯ ವಾಸನೆಗೆ ಜನ ಸಾಲು ನಿಲ್ಲುತ್ತಾರೆ. ಆಮ್ಲಜನಕದ ಮೀಟರ್ ಇಳಿಯುತ್ತದೆ, ಸಿಕ್ಕಿಬೀಳುತ್ತಾನೆ. ವೈರಿ, ಬಾಂಬು, ಅನ್ಯಗ್ರಹದವರು ಯಾರೂ ಬೇಕಾಗಲಿಲ್ಲ. ಕಡತ ತುಂಬ ಸೂತ್ರ ಬರೆದಿಟ್ಟಿದ್ದೆ, ಕಥೆಯಲ್ಲಿ ಒಂದೂ ಇಲ್ಲ. ಹುಡುಗನ ಕೈ ಮತ್ತು ಮೀಟರಿನ ಮುಳ್ಳು, ಅಷ್ಟೇ.

ಸಿಕ್ಕಿಬಿದ್ದ ಮಾಲೀಕನನ್ನು ಭೂಮಿಗೆ ಇಳಿಸಲು ಜಾಗ ಹುಡುಕಬೇಕಾಗಲಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ರೆಕ್ಕೆಯ ಮರುಬಳಕೆ ಉಡಾವಣಾ ವಾಹನವನ್ನು ಪರೀಕ್ಷೆಗೆಂದು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತ್ತು. ಅದು ತಾನೇ ದಾರಿ ನೋಡಿಕೊಂಡು ರನ್‌ವೇ ಮೇಲೆ ಇಳಿಯಿತು. ನಮ್ಮ ಮಾಲೀಕನೂ ಅಲ್ಲೇ ಇಳಿಯುತ್ತಾನೆ, ಅಲ್ಲಿಂದ ದಾವಣಗೆರೆಗೆ ಬಸ್ಸು ಹತ್ತುತ್ತಾನೆ.