ಮಿದುಳಿನ ಬೆಳವಣಿಗೆಯ ಸಂಶೋಧನೆಯಲ್ಲಿ ಕಿರಿಯ ಸಂಯೋಜಕರಾಗಿ ಕೆಲಸ ಆರಂಭಿಸುವವರಿಗೆ

ಆಟಿಸಂ, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆ), ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ತೊಂದರೆ ಇಂತಹ ಮಿದುಳಿನ ಬೆಳವಣಿಗೆಯ ತೊಂದರೆಗಳ ಕುರಿತ ಕ್ಲಿನಿಕಲ್ ಸಂಶೋಧನೆಗೆ ಸಂಯೋಜಕರಾಗಿ ಸೇರುವವರು ತಮ್ಮ ಕೆಲಸದ ಮೇರೆಯನ್ನು ಮೊದಲು ತಿಳಿದಿರಬೇಕು. ರೋಗನಿರ್ಣಯ ಮಾಡುವುದು, ಔಷಧ ಸೂಚಿಸುವುದು ನಿಮ್ಮ ಪಾಲಿನದಲ್ಲ. ಕುಟುಂಬದೊಡನೆ ಆಡುವ ಮೊದಲ ದೂರವಾಣಿ ಮಾತಿನಿಂದ ಕೊನೆಯ ಭೇಟಿಯ ದಾಖಲೆಯವರೆಗೆ ಎಲ್ಲವೂ ಪ್ರೋಟೋಕಾಲ್‌ನಲ್ಲಿ, ಅಂದರೆ ಅಧ್ಯಯನದ ಲಿಖಿತ ಯೋಜನೆಯಲ್ಲಿ, ಬರೆದಂತೆ ನಡೆಯುವ ಹಾಗೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಮನೋವಿಜ್ಞಾನ, ಜೀವವಿಜ್ಞಾನ ಅಥವಾ ನರ್ಸಿಂಗ್ ಪದವೀಧರರು ಸಾಮಾನ್ಯವಾಗಿ ಈ ಹುದ್ದೆಗೆ ಬರುತ್ತಾರೆ. ಜಿಸಿಪಿ (ಗುಡ್ ಕ್ಲಿನಿಕಲ್ ಪ್ರಾಕ್ಟೀಸ್) ಎಂದು ಕರೆಯುವ, ಕ್ಲಿನಿಕಲ್ ಪ್ರಯೋಗಗಳನ್ನು ನಡೆಸುವ ಕ್ರಮದ ಅಂತರರಾಷ್ಟ್ರೀಯ ಮಾರ್ಗಸೂಚಿಯ ತರಬೇತಿಯನ್ನು ಅರ್ಜಿ ಹಾಕುವ ಮೊದಲೇ ಮುಗಿಸಿಕೊಳ್ಳಿ. 1996ರಲ್ಲಿ ರೂಪುಗೊಂಡ ಅದು 2016ರಲ್ಲಿಯೂ 2025ರಲ್ಲಿಯೂ ಪರಿಷ್ಕೃತವಾಗಿರುವುದರಿಂದ ಹೊಸ ಆವೃತ್ತಿಯನ್ನೇ ಓದಬೇಕು. ಆದರೂ ಮಾತು ಬಾರದ ಮಕ್ಕಳೊಡನೆ ಕಳೆದ ಕೆಲವು ತಿಂಗಳುಗಳು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ಕಲಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಪ್ಪಿಗೆ ಪಡೆಯುವ ಕ್ರಮವನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ಒಪ್ಪಿಗೆ ಪತ್ರಕ್ಕೆ ತಂದೆ ತಾಯಿ ಸಹಿ ಹಾಕಿದರೂ, ಅರ್ಥ ಮಾಡಿಕೊಳ್ಳಬಲ್ಲ ಮಗುವಿನ ಸಮ್ಮತಿಯನ್ನು ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ಬೇರೆಯಾಗಿಯೇ ಕೇಳಬೇಕು. ಬಹುಪಾಲು ಪೋಷಕರು ಮಗುವಿಗೆ ಗುಣವಾದೀತೆಂಬ ಆಸೆಯಿಂದ ಬರುತ್ತಾರೆ. ಔಷಧ ಪ್ರಯೋಗವಾಗಿದ್ದರೆ, ಮಗುವಿಗೆ ಔಷಧದ ಬದಲು ಪ್ಲಸೀಬೊ (ಔಷಧದಂತೆಯೇ ಕಾಣುವ, ಔಷಧದ ಅಂಶವಿಲ್ಲದ ಮಾತ್ರೆ ಅಥವಾ ದ್ರವ) ಸಿಗಬಹುದೆಂಬುದನ್ನೂ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದೆಂಬುದನ್ನೂ, ಹಾಗೆ ಸರಿದರೆ ಈಗಿನ ಚಿಕಿತ್ಸೆಗೆ ಕುಂದು ಬಾರದೆಂಬುದನ್ನೂ ಬಿಡಿಸಿ ಹೇಳಬೇಕು. ಆಮೇಲೆ ಅವರಿಗೆ ಅರ್ಥವಾದದ್ದನ್ನು ಅವರ ಮಾತಿನಲ್ಲಿಯೇ ಹೇಳಿಸಿ ಕೇಳಿ.

ಮಗುವಿನ ದಿನನಿತ್ಯದ ಸಾಮರ್ಥ್ಯವನ್ನು ಅಳೆಯುವ ವೈನ್‌ಲ್ಯಾಂಡ್‌ನಂತಹ ಸಂದರ್ಶನವನ್ನು ತರಬೇತಿ ಪಡೆದ ನಂತರವಷ್ಟೇ ನಡೆಸಬೇಕು. ತಾನಾಗಿ ಬಟ್ಟೆ ತೊಡುತ್ತದೆಯೇ, ಹೆಸರು ಹೇಳುತ್ತದೆಯೇ ಎಂಬ ಪ್ರಶ್ನೆಗಳಿಗೆಲ್ಲ ಸಾಲಾಗಿ "ಇಲ್ಲ" ಎನ್ನುತ್ತ ಹೋಗುವ ತಾಯಿಯ ದನಿ ಕುಗ್ಗುತ್ತ ಬರುವುದನ್ನು ನೀವು ಕೇಳುವಿರಿ. ಆಗ ಅಂಕಕ್ಕಾಗಿ ಅವಸರಪಡಬೇಡಿ. ಸ್ವಲ್ಪ ಹೊತ್ತು ನಿಲ್ಲಿಸಿ, ನೀರು ಕೊಟ್ಟು, ಮುಂದುವರಿಸಬಹುದೇ ಎಂದು ಕೇಳಿ. ಹಾಗೆಂದು ಸಮಾಧಾನಕ್ಕಾಗಿ ಉತ್ತರವನ್ನು ಮೃದುಗೊಳಿಸಿ ಬರೆಯುವಂತಿಲ್ಲ.

ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆ ಇದ್ದರೆ, ಎಲೆಕ್ಟ್ರೋಡುಗಳ ಟೋಪಿಯ ಚಿತ್ರವನ್ನು ಕೆಲವು ದಿನ ಮುಂಚೆಯೇ ಮನೆಗೆ ಕಳುಹಿಸಿ. ಟೋಪಿಯನ್ನು ಮೊದಲು ಗೊಂಬೆಗೆ ತೊಡಿಸಿ ತೋರಿಸಿ. ಜೆಲ್ ತಣ್ಣಗಿರುವುದರಿಂದ ಒಂದು ಹನಿಯನ್ನು ಮಗುವಿನ ಅಂಗೈಗೆ ಹಚ್ಚಿ ಪರಿಚಯ ಮಾಡಿಸಿ. ಮಾತಾಡದ ಮಗು ತಲೆ ತಿರುಗಿಸುವುದು, ಕೈ ತಳ್ಳುವುದು ಸಹ ನಿರಾಕರಣೆಯೇ. ಅದನ್ನು ಕಂಡೊಡನೆ ಕೈ ತೆಗೆದು, ಪ್ರಧಾನ ಸಂಶೋಧಕರಿಗೆ ತಿಳಿಸಿ.

ದಾಖಲೆಯನ್ನು ಘಟನೆ ನಡೆದ ಹೊತ್ತಿನಲ್ಲಿಯೇ ಬರೆಯಬೇಕು. ತಪ್ಪಾದರೆ ಹಿಂದಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ದಿನಾಂಕ ಮತ್ತು ಕಿರುಸಹಿ ಹಾಕಿ. ಬಿಳಿ ಶಾಯಿ ಹಚ್ಚಿ ಮುಚ್ಚುವುದು ಎಂದಿಗೂ ಸಲ್ಲದು. ಔಷಧ ಪ್ರಯೋಗದಲ್ಲಿರುವ ಮಗು ಬರಿಯ ಜ್ವರಕ್ಕೆ ಆಸ್ಪತ್ರೆಗೆ ದಾಖಲಾದರೂ ಅದು ಗಂಭೀರ ಪ್ರತಿಕೂಲ ಘಟನೆ ಎನಿಸಿಕೊಳ್ಳುತ್ತದೆ, ಮತ್ತು ಸಾಮಾನ್ಯವಾಗಿ 24 ಗಂಟೆಗಳೊಳಗೆ ಪ್ರಾಯೋಜಕರಿಗೆ, ಅಂದರೆ ಪ್ರಯೋಗದ ಹೊಣೆ ಹೊತ್ತ ಕಂಪನಿಗೆ ಅಥವಾ ಸಂಸ್ಥೆಗೆ, ವರದಿಯಾಗಬೇಕು. ಅದಕ್ಕೂ ಔಷಧಕ್ಕೂ ಸಂಬಂಧವಿದೆಯೇ ಎಂದು ತೀರ್ಮಾನಿಸುವವರು ವೈದ್ಯರು; ಸುದ್ದಿ ತಿಳಿದೊಡನೆ ಅವರಿಗೆ ಮುಟ್ಟಿಸುವವರು ನೀವು.

ಭೇಟಿಯ ಹಿಂದಿನ ದಿನ ಪೋಷಕರಿಗೆ ಕರೆ ಮಾಡಿ, ಮಗು ಯಾವ ಸದ್ದಿಗೆ ಬೆದರುತ್ತದೆ, ಯಾವ ಆಟಿಕೆ ಕೈಯಲ್ಲಿದ್ದರೆ ನೆಮ್ಮದಿಯಿಂದಿರುತ್ತದೆ ಎಂದು ಕೇಳಿ, ಮರುದಿನ ಕೊಠಡಿಯನ್ನು ಅದಕ್ಕೆ ತಕ್ಕಂತೆ ಅಣಿಗೊಳಿಸಿ.