ಹೊರದೇಶದಲ್ಲಿ ಮೊದಲ ರಮದಾನ್: ರೋಜಾ (ಉಪವಾಸ) ಯಾವಾಗ ಮುರಿಯುತ್ತದೆ?

ಇಲ್ಲಿಗೆ ಬಂದ ಮೊದಲ ವರ್ಷ ಒಂದು ರೋಜಾವನ್ನು ನಾನೇ ಕೈಯಾರೆ ಹಾಳು ಮಾಡಿಕೊಂಡೆ. ಕೆಲಸದ ನಡುವೆ ಮೇಜಿನ ಮೇಲಿದ್ದ ಬಾಟಲಿ ಎತ್ತಿ ನೀರು ಕುಡಿದೆ. ಎರಡು ಗುಟುಕು ಇಳಿದ ಮೇಲೆ ನೆನಪಾಯಿತು. ಎದೆ ಧಸಕ್ಕೆಂದಿತು. ಹೇಗೂ ಮುರಿಯಿತಲ್ಲ ಅಂತ ಮಧ್ಯಾಹ್ನ ಊಟವನ್ನೂ ಮಾಡಿಬಿಟ್ಟೆ. ಆದರೆ ನೀರಿನಿಂದ ರೋಜಾ ಮುರಿದಿರಲಿಲ್ಲ, ಊಟದಿಂದ ಮುರಿಯಿತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಮರೆತು ತಿಂದವನು, ಕುಡಿದವನು ರೋಜಾ ಪೂರ್ತಿ ಮಾಡಲಿ, ಅವನಿಗೆ ಉಣಿಸಿದ್ದು ಅಲ್ಲಾಹನೇ ಎಂಬ ಹದೀಸ್ (ಪ್ರವಾದಿಯವರ ಮಾತು) ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ನೆನಪಾದ ಕೂಡಲೇ ನಿಲ್ಲಿಸಿ, ಸಾಕು. ಸುನ್ನಿಗಳ ನಾಲ್ಕು ಮದ್‌ಹಬ್‌ಗಳಲ್ಲಿ (ಶಾಸ್ತ್ರಪಂಥಗಳಲ್ಲಿ) ಒಂದಾದ ಮಾಲಿಕಿಗಳು ಮಾತ್ರ ಆ ದಿನದ ಕಝಾ (ಬದಲಿಗೆ ಆಮೇಲೆ ಇಡುವ ರೋಜಾ) ಇಡಬೇಕು ಅನ್ನುತ್ತಾರೆ. ಇಲ್ಲಿನ ಮಸೀದಿಯಲ್ಲಿ ಪಕ್ಕದವರು ಬೇರೆ ಮದ್‌ಹಬ್‌ನವರಿರಬಹುದು. ಬೇರೆ ಮಾತು ಕೇಳಿದರೆ ಗಾಬರಿಯಾಗಬೇಡಿ.

ಎರಡನೇ ತಪ್ಪು ಅವಸರದ್ದು. ಮನೆ ಬದಲಿಸಿ ಬೇರೆ ಊರಿಗೆ ಬಂದಿದ್ದೆವು, ಸಮಯ ತೋರಿಸುವ ಫೋನಿನ ಆಪ್‌ನಲ್ಲಿ ಹಳೆಯ ಊರೇ ಉಳಿದಿತ್ತು. ಕಿಟಕಿಯಲ್ಲಿ ಇನ್ನೂ ಸೂರ್ಯನ ಅಂಚು ಕಾಣುತ್ತಿತ್ತು. ನಾನು ತಲೆ ಎತ್ತಿ ನೋಡಲೇ ಇಲ್ಲ. ಮಕ್ಕಳ ಸಮೇತ 9 ನಿಮಿಷ ಮೊದಲೇ ಇಫ್ತಾರ್ ಮಾಡಿದೆವು. ಸೂರ್ಯ ಮುಳುಗಿತು ಅಂತ ತಪ್ಪು ತಿಳಿದು ತಿಂದರೂ ನಾಲ್ಕೂ ಮದ್‌ಹಬ್‌ಗಳಲ್ಲಿ ಕಝಾ ಇದೆ. ಅಜಾನ್ ಕಿವಿಗೆ ಬೀಳುತ್ತಿದ್ದ ಕಾಲದಲ್ಲಿ ನಾವು ಗಡಿಯಾರ ನೋಡುತ್ತಿದ್ದೆವಾ? ಇಲ್ಲಿ ಅದೊಂದು ದನಿ ಇಲ್ಲದೆ ಸಂಜೆಯೇ ಖಾಲಿ ಅನಿಸುತ್ತದೆ.

ಉಳಿದದ್ದು ನಿಮಗೆ ಗೊತ್ತಿರುವುದೇ. ಬೇಕಂತಲೇ ತಿನ್ನುವುದು, ಕುಡಿಯುವುದು, ಸಿಗರೇಟು, ಮಾತ್ರೆ ನುಂಗುವುದು, ಬೆರಳು ಹಾಕಿ ವಾಂತಿ ಮಾಡುವುದು, ಮುಟ್ಟಾಗುವುದು, ಇವುಗಳಿಂದ ಮುರಿಯುತ್ತದೆ. ತಾನಾಗಿ ಬಂದ ವಾಂತಿಯಿಂದ ಇಲ್ಲ. ಹಗಲಲ್ಲಿ ಗಂಡ ಹೆಂಡತಿ ಕೂಡಿದರೆ ಕಫ್ಫಾರವೂ (ಪ್ರಾಯಶ್ಚಿತ್ತ) ಇದೆ: ಬಿಡದೆ 60 ದಿನ ರೋಜಾ, ಆಗದಿದ್ದರೆ 60 ಬಡವರಿಗೆ ಊಟ. ಕಾಯಿಲೆಯಿದ್ದವರು ಔಷಧಿ ಬಿಡಬೇಡಿ, ಅವರಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ (2:185).

ಕಳೆದ ರಮದಾನಿನಲ್ಲಿ ಮಗಳ ಶಾಲೆ ಚೀಲದಲ್ಲಿ ಒದ್ದೆ ಟಿಶ್ಯೂಗಳ ಉಂಡೆ ಸಿಕ್ಕಿತು. ಎಂಜಲು ನುಂಗಿದರೆ ರೋಜಾ ಹೋಗುತ್ತೆ ಅಂತ ದಿನವಿಡೀ ಉಗುಳಿದ್ದಳು. "ನನ್ನನ್ನ ಕೇಳಬಾರದಿತ್ತಾ?" ಅಂದೆ. "ನೀವು ಕೆಲಸಕ್ಕೆ ಹೋಗಿದ್ರಲ್ಲ ಅಬ್ಬಾ." ಇಂಥದ್ದನ್ನೆಲ್ಲ ಕೇಳೋಕೆ ನನಗೆ ಮನೆಯಲ್ಲಿ ಅಜ್ಜಿ ಇದ್ದರು. ಅವಳಿಗೆ ಇಲ್ಲಿ ಯಾರಿದ್ದಾರೆ? ಆ ಸಂಜೆ ಅವಳ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಮುರಿಯುವುದು ಒಂದು ಕಡೆ, ಮುರಿಯದ್ದು ಇನ್ನೊಂದು ಕಡೆ ಬರೆದೆವು. ಮುರಿಯದ್ದರ ಕಡೆ "ಎಂಜಲು" ಅನ್ನುವುದನ್ನು ಅವಳೇ ಬರೆದಳು, ಕನ್ನಡದಲ್ಲಿ.