ಕಾಲುವೆಗೆ ದಾರಿ ಬಿಟ್ಟು ಕಟ್ಟಿದ ಗೆಸ್ಟ್ ಹೌಸ್: ನನ್ನ ಅನುಭವ

ನಾನು ಬೆಂಗಳೂರಲ್ಲಿ ಆರ್ಕಿಟೆಕ್ಟ್, ಆಫೀಸು ಜಯನಗರದಲ್ಲಿ. ಮಾಡೋದು ಹೆಚ್ಚಾಗಿ 30x40 ಅಡಿ ಸೈಟಿನ ಮನೆಗಳೇ. ಹಂಗಾಗಿ ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆ ಒಂದು ಹಳ್ಳೀಲಿ ಎರಡೂವರೆ ಎಕರೆ ಇದೆ, ಆರು ರೂಮಿನ ಗೆಸ್ಟ್ ಹೌಸ್ ಮಾಡ್ಕೊಡಿ ಅಂತ ಗಂಡ ಹೆಂಡ್ತಿ ಬಂದು ಕೂತಾಗ ಖುಷಿಗಿಂತ ಭಯಾನೇ ಜಾಸ್ತಿ ಆಯ್ತು. ಅವರ ಫೋನಲ್ಲಿ ಆಗ್ಲೇ ಒಂದು ಚಿತ್ರ ರೆಡಿ ಇತ್ತು, ದೇವನಹಳ್ಳಿ ಕೋಟೆ ತರ ಎರಡು ಬುರುಜು, ಕಮಾನಿನ ಬಾಗಿಲು, ಮೇಲೆ ಟೆರೇಸು. "ಹಿಸ್ಟಾರಿಕಲ್ ಏರಿಯಾ ಅಲ್ವಾ ಮೇಡಂ, ಹಂಗೇ ಕಾಣ್ಲಿ" ಅಂದ್ರು.

ನನಗೆ ಮನಸ್ಸು ಒಪ್ಪಲಿಲ್ಲ. ಆ ಕೋಟೆನ 1501ರಲ್ಲಿ ಮಲ್ಲಬೈರೇಗೌಡರು ಕಟ್ಟಿಸಿದ್ದು ಮಣ್ಣಲ್ಲಿ, ಕಲ್ಲಿನ ಕೋಟೆ ಆಗಿದ್ದು ಹೈದರ್, ಟಿಪ್ಪು ಕಾಲದಲ್ಲಿ. ಬುರುಜು ಇರೋದು ಕಾವಲಿಗೆ, ಫಿರಂಗಿಗೆ. ನಿದ್ದೆ ಮಾಡಕ್ಕೆ ಬಂದೋರ ರೂಮಿಗೆ ಅದು ಯಾಕೆ? ಒಂದು ತಿಂಗಳು ಟೈಮ್ ಕೊಡಿ, ಅಲ್ಲೀವರೆಗೂ ಒಂದು ಗೆರೇನೂ ಎಳೆಯಲ್ಲ ಅಂತ ಕೇಳ್ಕೊಂಡೆ.

ಆ ತಿಂಗಳು ಮಾಡಿದ್ದು ನಡೆಯೋದೊಂದೇ, ಕೈಯಲ್ಲಿ ಗ್ರಾಮ ನಕ್ಷೆ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ಈ ನಂದಿ ಸಾಲಲ್ಲೇ ಹುಟ್ಟೋದು, ಆದ್ರೂ ಈ ಕಡೆ ವರ್ಷಪೂರ್ತಿ ಹರಿಯೋ ನೀರು ಅಂತ ಇಲ್ಲ, ಅದಕ್ಕೇ ಊರೂರಿಗೂ ಕೆರೆ, ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ, ಏರಿ, ನೀರು ಬಿಡೋ ತೂಬು, ಕಾಲುವೆ, ಆ ನೀರು ಉಣ್ಣೋ ಅಚ್ಚುಕಟ್ಟು ಜಮೀನು, ದಾರಿಹೋಕರು ಗಾಡಿ ಬಿಚ್ಚಕ್ಕೆ ಒಂದು ಗುಂಡುತೋಪು, ಎಲ್ಲಾ ಒಂದಕ್ಕೊಂದು ಹೊಂದ್ಕೊಂಡಿದೆ. ನನ್ನ ಪ್ರಕಾರ ಇಲ್ಲಿನ ಚರಿತ್ರೆ ಅಂದ್ರೆ ಇದೇನೆ. ಗೆಸ್ಟ್ ಹೌಸು ಇದರ ಮಾತು ಕೇಳಬೇಕು, ಕೋಟೆ ವೇಷ ಹಾಕೋದಲ್ಲ.

ಓನರ್ ಗುರುತು ಮಾಡಿದ್ದ ಜಾಗ ಜಮೀನಿನ ಮಧ್ಯದಲ್ಲಿ, ಸಮತಟ್ಟಾಗಿ ಚೆನ್ನಾಗೇ ಇತ್ತು. ಪಕ್ಕದ ತೋಟದ ತಾತ ಒಬ್ರು ದಿನಾ ನನ್ನ ನೋಡ್ತಿದ್ರು, ಒಂದಿನ ಹತ್ರ ಬಂದು "ಅಲ್ಲಿ ಕಟ್ಟಬ್ಯಾಡ ಕಣಮ್ಮ, ಮಳೆ ಉಯ್ದ್ರೆ ಬೆಟ್ಟದ ನೀರೆಲ್ಲ ಇಂಗೇ ಬರಾದು, ಈಗ ಮುಚ್ಚೋಗೈತೆ ಅಷ್ಟೇಯ" ಅಂದ್ರು. ನಕ್ಷೇಲಿ ನೋಡಿದ್ರೆ ಅಲ್ಲೊಂದು ಸಣ್ಣ ಗೆರೆ, ನಾನು ಅದನ್ನ ಕಾಲುದಾರಿ ಅಂದ್ಕೊಂಡಿದ್ದೆ. ಅಗೆಸಿದ್ವಿ. ಎರಡು ಅಡಿ ಕೆಳಗೆ ಎರಡೂ ಕಡೆ ಕಲ್ಲು ಕಟ್ಟಿದ ನಾಲ್ಕಡಿ ಅಗಲದ ಕಾಲುವೆ, ಸೀದಾ ಕೆರೆ ಕಡೆಗೆ! ಆ ತಾತ ಮಾತಾಡದೇ ಇದ್ದಿದ್ರೆ ಅದರ ಮೇಲೇ ಪಾಯ ತೆಗೀತಿದ್ವಿ, ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನತ್ತೆ.

ಆಮೇಲೆ ಪ್ಲಾನ್ ಸುಮಾರು ಮಟ್ಟಿಗೆ ತಾನಾಗೇ ಬಂತು. ಕಟ್ಟಡನ 60 ಅಡಿ ಹಿಂದಕ್ಕೆ, ಸ್ವಲ್ಪ ಎತ್ತರಕ್ಕೆ ತಗೊಂಡ್ವಿ, ಊಟದ ಮನೆ ಮಾತ್ರ ಕಾಲುವೆಯಿಂದ ಆಚೆ, ಮಧ್ಯ ದಾಟಕ್ಕೆ ಒಂದು ಚಪ್ಪಡಿ. ಒಂದೇ ಅಂತಸ್ತು, ಹೊಂಗೆ ಮರಗಳಿಗಿಂತ ಎತ್ತರ ಹೋಗ್ಬಾರದು ಅಂತ ಹಠ ಹಿಡಿದೆ. ಬೆಟ್ಟ ಇರೋದು ಉತ್ತರಕ್ಕೆ, ಅದಕ್ಕೆ ಉದ್ದನೆ ಜಗಲಿ ಆ ಕಡೆಗೇ, ನೆರಳೂ ಸಿಕ್ತು, ನೋಟಾನೂ ಸಿಕ್ತು. ಆದ್ರೆ ನಮ್ಮ ಕಡೆ ಏಪ್ರಿಲ್ ಕೊನೇಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿ ಆಗಸ್ಟ್ ಮಧ್ಯದವರೆಗೂ ಅಲ್ಲೇ ಇರ್ತಾನೆ, ಉತ್ತರದ ಜಗಲಿಗೆ ಬಿಸಿಲೇ ಬರಲ್ಲ ಅಂತ ಸೂರು ಚಿಕ್ಕದು ಮಾಡಿದ್ರೆ ಕೆಟ್ಟಿರಿ. ನಾವು ನಾಲ್ಕಡಿ ಹೊರಗೆ ಬಿಟ್ವಿ.

ಜಗಲಿಗೆ ಸಾದರಹಳ್ಳಿ ಕಲ್ಲಿನ (ಬೂದು ಗ್ರಾನೈಟ್) ಕಂಬ, ಮೇಲೆ ಚಪ್ಪಡಿ, ಈ ಭಾಗದ ಹಳೇ ಮನೆಗಳಲ್ಲಿ ಇದ್ದಂಗೇನೆ. 6 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಒಂದು ಚಪ್ಪಡಿ ಹತ್ತಿರ ಹತ್ತಿರ 300 ಕೆಜಿ, ಎತ್ತಿ ಕೂರಿಸೋವಾಗ ಉಸಿರು ಬಿಗಿಹಿಡ್ಕೊಂಡು ನಿಂತಿದ್ದೆ. ಗೋಡೆಗೆ ಮಣ್ಣಿನ ಇಟ್ಟಿಗೆ, ನಮ್ಮ ಐಐಎಸ್ಸಿಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಶುರುವಾದ ಅಸ್ತ್ರ ತಂಡದವರು ಬೆಳೆಸಿದ ಪದ್ಧತಿ, ಮಣ್ಣಿಗೆ 7% ಸಿಮೆಂಟ್ ಹಾಕಿ ಮೆಷಿನ್ನಲ್ಲಿ ಒತ್ತೋದು, ಸುಡಂಗಿಲ್ಲ. ಇಲ್ಲಿ ನನ್ನಿಂದ ಒಂದು ತಪ್ಪಾಯ್ತು. ಕೆರೆ ಹೂಳಲ್ಲೇ ಇಟ್ಟಿಗೆ ಮಾಡಿದ್ರೆ ಕೆರೆನೂ ಕ್ಲೀನ್ ಆಗತ್ತೆ ಅನ್ನೋ ಆಸೆಗೆ ಮೊದಲ 300 ಇಟ್ಟಿಗೆ ಹೂಳಲ್ಲೇ ಒತ್ತಿಸಿದೆ, ಒಣಗ್ತಾ ಒಣಗ್ತಾ ಎಲ್ಲಾ ಬಿರುಕು. ಹೂಳಲ್ಲಿ ಜೇಡಿ ತುಂಬಾ, ನೀರು ಕುಡಿದು ಊದತ್ತೆ, ಒಣಗಿದ್ರೆ ಕುಗ್ಗತ್ತೆ. ಒಂದು ಗಾಜಿನ ಬಾಟ್ಲೀಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟಿದ್ರೆ ಮರಳೆಷ್ಟು ಜೇಡಿ ಎಷ್ಟು ಅಂತ ಮಾರನೇ ದಿನಾನೇ ಗೊತ್ತಾಗ್ತಿತ್ತು. ಆಮೇಲೆ ಪಾಯ ತೆಗೆದ ಕೆಂಪು ಮಣ್ಣಿಗೆ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಬೆರೆಸಿದ್ವಿ, ಮೂರು ವಾರ ನೀರು ಹೊಡೆದ್ವಿ, ಗಟ್ಟಿಯಾಗಿ ಬಂತು. ಹೂಳು ರೈತರ ಹೊಲಕ್ಕೆ ಹೋಯ್ತು, ಅದು ಹೋಗ್ಬೇಕಾಗಿದ್ದೂ ಅಲ್ಲಿಗೇ.

ಬದುವಿನ ಮೇಲೆ ಒಂದು ವೀರಗಲ್ಲು ಅರ್ಧ ಹೂತು ನಿಂತಿತ್ತು. ಮೇಲೆ ಸೂರ್ಯ ಚಂದ್ರ, ಮಧ್ಯ ವೀರನ್ನ ಕರ್ಕೊಂಡು ಹೋಗ್ತಿರೋ ಅಪ್ಸರೆಯರು, ಕೆಳಗೆ ಕಾಳಗ, ಪಕ್ಕದಲ್ಲಿ ಹಸುಗಳು, ಅಂದ್ರೆ ತುರು ಬಿಡಿಸಕ್ಕೆ ಹೋಗಿ ಸತ್ತೋನು. ಓನರ್ರಿಗೆ ಅದನ್ನ ರಿಸೆಪ್ಷನ್ನಲ್ಲಿ ಲೈಟ್ ಹಾಕಿ ಇಡೋ ಆಸೆ. ಊರವರು ವರ್ಷಕ್ಕೊಂದ್ಸಲ ಅರಿಶಿನ ಕುಂಕುಮ ಇಡ್ತಾರೆ ಸರ್, ಅದು ನಿಮ್ಮ ಜಮೀನಲ್ಲಿರಬಹುದು, ಆದ್ರೆ ನಿಮ್ಮ ಸಾಮಾನಲ್ಲ ಅಂದೆ. ಅವತ್ತು ಸ್ವಲ್ಪ ಮುನಿಸ್ಕೊಂಡ್ರು. ಕಾಂಪೌಂಡ್ ಗೋಡೆನ ಅಲ್ಲಿ ಒಳಕ್ಕೆ ಬಗ್ಗಿಸಿ ಕಲ್ಲು ರಸ್ತೆ ಕಡೆಗೇ ಇರೋ ಹಂಗೆ ಮಾಡಿದ್ವಿ, ಯಾರನ್ನೂ ಕೇಳದೆ ಊರವರು ಬಂದು ಹೋಗಬಹುದು.

ಇನ್ನೊಂದು, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಂತ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟಂಗಿಲ್ಲ, ಅದರಾಚೆ 200 ಮೀಟರ್‌ಗೆ ಪರ್ಮಿಷನ್ ಬೇಕು. ನಮ್ಮದು ದೂರ ಇತ್ತು, ಆದ್ರೂ ಜಾಗ ತಗೊಳಕ್ಕೆ ಮುಂಚೆನೇ ಇದನ್ನ ನೋಡ್ಕೊಳಿ.

ಹೋದ ಮಳೆಗಾಲದಲ್ಲಿ ಚಪ್ಪಡಿ ಕೆಳಗೆ ನೀರು ಹರಿದು ಕೆರೆ ಸೇರ್ತು. ಈಗ ಮೇಲಿನ ಜಮೀನಿನವರೂ ತಮ್ಮ ಕಡೆ ಕಾಲುವೆ ಬಿಡಿಸಕ್ಕೆ ಒಪ್ಕೊಂಡಿದ್ದಾರೆ, ಇನ್ನೂ 200 ಅಡಿ ಇದೆ, ಜೆಸಿಬಿ ಇಳಿಸಿದ್ರೆ ಪಕ್ಕದ ಹಳೇ ಕಲ್ಲು ಕಿತ್ತುಬರತ್ತೆ ಅಂತ ಗುದ್ದಲೀಲೇ ಮಾಡಿಸ್ತಿದ್ದೀವಿ, ಎಲ್ಲೆಲ್ಲಿ ತಿರುಗತ್ತೆ ಅಂತ ತಾತ ಮುಂದೆ ನಿಂತು ತೋರಿಸ್ತಿದ್ದಾರೆ.